ಎಷ್ಟು ಟಾರು, ಎಷ್ಟು ಮಣ್ಣು

ಜೆ.ಸಿ. ರಸ್ತೆಯಲ್ಲಿ ಏಳುಮಲೈ ಅಂಗಡಿ.
ಮೊದಲು ರಬ್ಬರಿನ ವಾಸನೆ ಸಿಗುತ್ತದೆ,
ಆಮೇಲೆ ಬಾಗಿಲು.

ನನ್ನ ಜೀಪಿನ ಮುಂಚಕ್ರದೆದುರು ಕುಕ್ಕರಗಾಲಲ್ಲಿ ಕೂತು
ಜೇಬಿನಿಂದ ಒಂದು ರೂಪಾಯಿ ತೆಗೆದು
ಗೀರಿನೊಳಗೆ ಇಳಿಬಿಟ್ಟ.
ನಾಣ್ಯ ಮುಳುಗಲಿಲ್ಲ.
'ಬೋಳು' ಅಂದ,
ನನ್ನ ತಲೆಯ ಕಡೆ ನೋಡದೆ. ಅದು ಅವನ ಸೌಜನ್ಯ.

'ನಾಲಬಂದ್ ಸಾಬ್ರೇ, ನಿಮ್ಮ ಓಡಾಟದಲ್ಲಿ
ಎಷ್ಟು ಟಾರು, ಎಷ್ಟು ಮಣ್ಣು?
ಸುಳ್ಳು ಬೇಡ. ಎಲ್ಲರೂ ಹೇಳ್ತಾರೆ.'

ನಾನು ಕುದುರೆಗೆ ಲಾಳ ಕಟ್ಟುವವ.
ಹಿಂದಿನ ಸೀಟು ಕಿತ್ತು ಅಡೆಗಲ್ಲು ಕೂರಿಸಿದ್ದೇನೆ,
ಪಕ್ಕದಲ್ಲಿ ಗ್ಯಾಸಿನ ಕುಲುಮೆ, ಅರ, ಇಕ್ಕಳ,
ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆ.
ಸರ್ಜಾಪುರದ ಸವಾರಿ ಶಾಲೆಯಲ್ಲಿ ಹದಿನಾರು ಕಾಲು,
ಹೆಸರಘಟ್ಟದಾಚೆಯ ಲಾಯದಲ್ಲಿ ಇಪ್ಪತ್ತೆಂಟು,
ಹಾರೋಹಳ್ಳಿ ದಾಟಿ, ಕಲ್ಲುಕ್ವಾರಿ ದಾಟಿ,
ಜಾಡು ಮುಗಿಯುವಲ್ಲಿ ನಾಲ್ಕೇ ನಾಲ್ಕು:
ಚೌಡಪ್ಪನ ಮುದಿ ಹೆಣ್ಣುಕುದುರೆ, ಬಿಜಲಿ.

'ಅರ್ಧ, ಅರ್ಧ' ಅಂದೆ.

ಏಳುಮಲೈ ಟೈರಿನ ನಡುವೆ ಬೆರಳಾಡಿಸಿದ.
ನಡು ಸವೆದಿತ್ತು, ಅಂಚಿನಲ್ಲಿ ಇನ್ನೂ ಹಲ್ಲಿತ್ತು.
'ಗಾಳಿ ಬಿಗಿಯಾಗಿ ತುಂಬಿಸಿ ಟಾರಿನ ಮೇಲೇ ಓಡಿದ್ದೀರಿ.
ಅರ್ಧ ಎಲ್ಲಿಂದ ಬಂತು?'

ಅಬ್ಬಾ ಕಲಾಸಿಪಾಳ್ಯದಲ್ಲಿ ಎತ್ತು ಕೆಡವಿ
ಕಾಲಿಗೆರಡು ತುಂಡು ಲಾಳ ಹೊಡೆಯುತ್ತಿದ್ದ ಕಾಲ.
ಹೊಸಕೋಟೆಯ ಗಾಡಿಯವ ಮೀಸೆ ತಿರುವಿ ಹೇಳುತ್ತಿದ್ದ,
'ನನ್ನೆತ್ತಿಗೆ ಎಲ್ಲ ದಾರಿಯೂ ಒಂದೇ.'
ಅಬ್ಬಾ ಅವನ ಬಾಯಿ ನೋಡುತ್ತಿರಲಿಲ್ಲ.
ಗೊರಸು ಎತ್ತಿ, ಮಣ್ಣು ಕೆರೆದು,
ಬೆಳಕಿಗೆ ಹಿಡಿದು ಓದುತ್ತಿದ್ದ.

'ಎಂಬತ್ತು ಇಪ್ಪತ್ತು' ಅಂದೆ.
'ಹಾಂ,' ಅಂದ. 'ಈಗ ವ್ಯಾಪಾರ ಮಾಡೋಣ.'

ಮೊದಲನೆಯದು ಸಣ್ಣ ಗೀರಿನದು, ನಯಗಾರ.
'ಮಳೇಲಿ ಮೇಲ್ಸೇತುವೆ ಇಳಿಯುವಾಗ ಹಿಡಿದು ನಿಲ್ಲುತ್ತೆ,
ಸದ್ದೇ ಇಲ್ಲ. ಕೆಸರು ಕಂಡರೆ ಮಾತ್ರ ಕೈಮುಗಿಯುತ್ತೆ.'
ಎರಡನೆಯದು ಹಲ್ಲು ಕಿರಿದು ಗೋಡೆಗೊರಗಿತ್ತು.
'ಕೆರೆಯಂಗಳದಲ್ಲಿ ಇದು ರಾಜ.
ಟಾರಿನ ಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಅನ್ನುತ್ತೆ,
ಬ್ರೇಕಿಗೆ ಸೋಮಾರಿ, ಡೀಸೆಲ್ಲಿಗೆ ಹೊಟ್ಟೆಬಾಕ.'
ಮೂರನೆಯದನ್ನು ಉರುಳಿಸಿಕೊಂಡೇ ತಂದ.
'ಇದು ಎರಡೂ ಕಡೆಯದು.
ಯಾವುದರಲ್ಲೂ ರ‍್ಯಾಂಕಿಲ್ಲ, ಯಾವುದರಲ್ಲೂ ಫೇಲಿಲ್ಲ.'

'ಮತ್ತೆ, ಜಲಮಂಡಳಿಯವರು ಅಗೆದು ಮುಚ್ಚಿದ ರಸ್ತೆ
ಟಾರಿನ ಲೆಕ್ಕವೋ ಮಣ್ಣಿನ ಲೆಕ್ಕವೋ?'
ಏಳುಮಲೈ ನಿಜಕ್ಕೂ ಯೋಚಿಸಿದ.
'ಅದಕ್ಕೆ ಯಾವ ಕಂಪನಿಯವರೂ
ಇನ್ನೂ ಟೈರ್ ಮಾಡಿಲ್ಲ.'

ಎಂಬತ್ತರ ಮಾತು ಕೇಳಿದರೆ ಮೊದಲನೆಯದೇ ಸಾಕು.
ದುಡ್ಡೂ ಉಳಿಯುತ್ತದೆ, ಕಿವಿಯೂ.

ಆದರೆ ಹೋದ ಆಷಾಢದಲ್ಲಿ
ಕ್ವಾರಿಯ ಪಕ್ಕದ ಕೆಮ್ಮಣ್ಣಿನ ಏರಲ್ಲಿ
ಜೀಪು ಏಡಿಯ ಹಾಗೆ ಅಡ್ಡಡ್ಡ ಜಾರಿ ನಿಂತಿತ್ತು.
ಅಡೆಗಲ್ಲು ಅಲ್ಲೇ ಬಿಟ್ಟು
ಗೋಣಿಯಲ್ಲಿ ಅರ, ಸುತ್ತಿಗೆ, ಮೊಳೆ ಹೊತ್ತು
ಮೊಣಕಾಲುದ್ದ ಕೆಸರಲ್ಲಿ ನಡೆದೆ.
ತಡವಾಗಿತ್ತು. ಬಿಜಲಿಯ ಗೊರಸು ಸೀಳಿತ್ತು,
ಸೀಳು ಬಿಳಿಗೆರೆ ದಾಟಿತ್ತು.
ನಾನು ಕೇಳುವ ಮೊದಲೇ
ಅವಳು ಕಾಲೆತ್ತಿ ಕೊಟ್ಟಳು.

ಪಕ್ಕದ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ,
ಗೊರಸು ಒತ್ತಿ ನೋಡುವ ಹಾಗೆ.
ಅಲ್ಲೇ ಅಚ್ಚೊತ್ತಿದ ನಾಲ್ಕು ಅಂಕಿ ಓದಿದೆ:
ಹುಟ್ಟಿದ ವಾರ, ಹುಟ್ಟಿದ ವರ್ಷ. ಇನ್ನೂ ಎಳೆಯದು.
'ಮೂರನೆಯದು. ನಾಲ್ಕೂ.'
'ಸ್ಟೆಪ್ನಿ?'
'ಮುಂದಿನ ತಿಂಗಳು.'
'ಎಲ್ಲರೂ ಹೇಳ್ತಾರೆ.'

ಹೊರಡುವಾಗ ಕಿಟಕಿಗೆ ಬಗ್ಗಿ ಹೇಳಿದ,
'ಮಣ್ಣಿಗಿಳಿಯೋ ಮುಂಚೆ ಗಾಳಿ ಕಮ್ಮಿ ಮಾಡಿ,
ಟಾರಿಗೆ ಹತ್ತಿದ ಮೇಲೆ ತುಂಬಿಸಿ.
ಮರೀತೀರಿ. ಆದರೂ ಹೇಳ್ತಿದ್ದೀನಿ.'

ಪುರಭವನದ ಸಿಗ್ನಲ್ಲು. ಹೊಸ ಟೈರಿನ ಮೈತುಂಬ
ರಬ್ಬರಿನ ಎಳೆಗೂದಲು.
ಹೊಸ ಲಾಳದ ಕುದುರೆ ಮೊದಲ ಹತ್ತು ಹೆಜ್ಜೆ
ಕಾಲನ್ನು ಅಗತ್ಯಕ್ಕಿಂತ ಎತ್ತರಕ್ಕೆ ಎತ್ತುತ್ತದೆ,
ನೆಲ ಎಲ್ಲೋ ಸರಿದು ಹೋಗಿದೆ ಎಂಬಂತೆ.
ಹಸಿರು ಬಿತ್ತು. ಕಿಟಕಿ ಇಳಿಸಿ
ಆ ಸಣ್ಣ ಗುಂಯ್ ಕೇಳುತ್ತ ನಿಧಾನಕ್ಕೆ ಬಿಟ್ಟೆ.
ಹಿಂದಿನ ಆಟೋದವ ಬೈದ.
ಗುರುವಾರ ಹಾರೋಹಳ್ಳಿ.